ಸಂದರ್ಶನದ ಕೋಣೆಯಲ್ಲಿ ಎರಡನೆಯ ಭಾಷೆ

ಕರ್ನಾಟಕದಲ್ಲಿ ಎಂಬಿಬಿಎಸ್ ಸೇರುವ ಹುಡುಗಿ ತಾನು ಏಕೆ ಡಾಕ್ಟರಾಗಬೇಕು ಎಂಬುದನ್ನು ಯಾರ ಮುಂದೆಯೂ ಕೂತು ಹೇಳಬೇಕಾಗಿಲ್ಲ. ನೀಟ್‌ನಲ್ಲಿ ರ‍್ಯಾಂಕ್ ಬಂದರೆ ಸೀಟು. ಕೌನ್ಸೆಲಿಂಗ್ ಎಂದು ಕರೆಯುವುದೂ ಸೀಟು ಹಂಚಿಕೆಯನ್ನೇ. 2017ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನೀಟ್ ಬರುವ ಮುಂಚೆ ಬೆಂಗಳೂರಿನ ಸೇಂಟ್ ಜಾನ್ಸ್, ವೆಲ್ಲೂರಿನ ಸಿಎಂಸಿಯಂಥ ಕೆಲವೇ ಕಾಲೇಜುಗಳು ಅಭ್ಯರ್ಥಿಗಳನ್ನು ಕರೆಸಿ ಮಾತಾಡಿಸುತ್ತಿದ್ದವು. ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಸಂದರ್ಶನವಿಲ್ಲದೆ ಸೀಟಿಲ್ಲ ಎನ್ನುವುದೇ ಸಾಮಾನ್ಯ ನಿಯಮ. ಅಲ್ಲಿ ಒಳ್ಳೆಯ ಅಂಕಗಳಿಂದ ಸಿಗುವುದು ಸಂದರ್ಶನದ ಕರೆ ಮಾತ್ರ.

ಈ ಅಧ್ಯಾಯ ಬರೆದಿರುವುದು ಆ ಕರೆ ಬಂದಾಗ ಖುಷಿಯ ಜತೆಗೇ ಇಂಗ್ಲಿಷಿನ ಅಳುಕೂ ಹುಟ್ಟುವವರಿಗಾಗಿ. ಅಪ್ಪನ ಕೆಲಸದ ಜತೆ ಹೈಸ್ಕೂಲಿನ ನಡುವೆ ನ್ಯೂಜೆರ್ಸಿಗೋ ಟೊರಾಂಟೋಗೋ ಹೋದ ಮಕ್ಕಳು ಅವರಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕನ್ನಡ, ಪಾಠದಲ್ಲಿ ಮಾತ್ರ ಇಂಗ್ಲಿಷ್ ಎಂದು ಬೆಳೆದು ಇಲ್ಲಿಂದಲೇ ಅರ್ಜಿ ಹಾಕುವವರೂ ಇದ್ದಾರೆ. ಇವರು ಮೊದಲೇ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಅಮೆರಿಕದ ಬಹುಪಾಲು ವೈದ್ಯಕೀಯ ಕಾಲೇಜುಗಳು ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರ ಅರ್ಜಿಯನ್ನು ಪರಿಗಣಿಸುವುದೇ ಇಲ್ಲ. ಇಂಗ್ಲೆಂಡಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಪಾಲು ಸುಮಾರು 7.5% ಸೀಟುಗಳು ಮಾತ್ರ. ಬ್ರಿಟನ್ನಿನ ಅನೇಕ ಕಾಲೇಜುಗಳು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಅಥವಾ 7.5 ಕೇಳುತ್ತವೆ. ಅಷ್ಟು ಅಂಕ ಪಡೆದವರ ಇಂಗ್ಲಿಷ್ ಸಂದರ್ಶನಕ್ಕೆ ಸಾಲದು ಎಂದು ಯಾರೂ ಭಾವಿಸಬೇಕಾಗಿಲ್ಲ.

ಹಾಗಾದರೆ ಸಂದರ್ಶನದಲ್ಲಿ ಅಳೆಯುವುದು ಏನನ್ನು? ಎದುರಿಗೆ ಕೂತವರು ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹೆದರಿದ ರೋಗಿಯೊಬ್ಬ ಈ ವ್ಯಕ್ತಿಯ ಕೈಗೆ ಸಿಕ್ಕರೆ ಅವನ ಮಾತು ಇವರಿಗೆ ಕೇಳಿಸುತ್ತದೆಯೇ, ಇವರ ಮಾತು ಅವನಿಗೆ ತಿಳಿಯುತ್ತದೆಯೇ? ದೊಡ್ಡ ಪದಗಳನ್ನು ಗುಡ್ಡೆಹಾಕಿಕೊಳ್ಳುವುದಕ್ಕೆ, ಬಿಬಿಸಿಯವರ ಹಾಗೆ ನಾಲಿಗೆ ಹೊರಳಿಸುವುದಕ್ಕೆ ತಿಂಗಳುಗಟ್ಟಲೆ ಸುರಿಯುವ ಶ್ರಮ ಹೆಚ್ಚಿನ ಪಾಲು ವ್ಯರ್ಥ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಆ ಶ್ರಮ ಸೇರಬೇಕಾದ ಜಾಗಗಳು ಬೇರೆ ಇವೆ.

ಹತ್ತು ಬಾಗಿಲುಗಳು

ಮೊದಲು ಸಂದರ್ಶನದ ಸ್ವರೂಪ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಇಂದಿಗೂ ಅಧ್ಯಾಪಕರ ಎದುರು ಕೂತು ವಿಜ್ಞಾನದ ಸಮಸ್ಯೆಯೊಂದನ್ನು ಬಿಡಿಸುತ್ತಾ ಯೋಚಿಸಬೇಕು. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಒಬ್ಬಿಬ್ಬರು ಕೂತು ಅರ್ಧ ಗಂಟೆ ಮಾತಾಡುತ್ತಾರೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಹೆಚ್ಚಾಗಿ ನಡೆಯುವುದು ಎಂಎಂಐ, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಅಮೆರಿಕದಲ್ಲೂ ಕೆಲವೆಡೆ ಇದೆ.

ಇದರ ಹಿಂದೆ ಒಂದು ಒಳ್ಳೆಯ ಕತೆಯಿದೆ. ಒಬ್ಬ ರೋಗಿ, ಒಬ್ಬ ಪರೀಕ್ಷಕ ಎಂಬ ಹಳೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಅದೃಷ್ಟದ ಪಾಲು ಜಾಸ್ತಿ ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ರೊನಾಲ್ಡ್ ಹಾರ್ಡನ್ ಮತ್ತು ಜತೆಗಾರರು 1975ರಲ್ಲಿ ಪರೀಕ್ಷೆಯನ್ನು ಸಣ್ಣ ಸಣ್ಣ ಸ್ಟೇಷನ್‌ಗಳಾಗಿ ಒಡೆದರು. ವೈದ್ಯ ವಿದ್ಯಾರ್ಥಿಗಳು ಇವತ್ತು ಓಸ್ಕಿ ಎನ್ನುವುದು ಅದನ್ನೇ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಅದೇ ಕ್ರಮವನ್ನು ಪ್ರವೇಶ ಸಂದರ್ಶನಕ್ಕೆ ತಂದು 2004ರಲ್ಲಿ ಪ್ರಕಟಿಸಿದರು. ಹತ್ತು ಕೋಣೆ, ಪ್ರತಿ ಕೋಣೆಯಲ್ಲಿ ಎಂಟು ನಿಮಿಷ, ನಡುವೆ ಎರಡು ನಿಮಿಷ. ಪ್ರತಿ ಬಾಗಿಲ ಹೊರಗೆ ಒಂದು ಚೀಟಿ, ಒಳಗೆ ಹೊಸ ಪರೀಕ್ಷಕರು. ಈಗ ಕಾಲೇಜಿನಿಂದ ಕಾಲೇಜಿಗೆ ಕೋಣೆ, ನಿಮಿಷಗಳ ಲೆಕ್ಕ ಬದಲಾಗುತ್ತದೆ.

ಇಂಗ್ಲಿಷ್ ಎರಡನೆಯ ಭಾಷೆಯಾದವರಿಗೆ ಈ ಕ್ರಮ ಒಳ್ಳೆಯದೇ. ಒಂದು ಕೋಣೆಯಲ್ಲಿ ನಾಲಿಗೆ ತೊಡರಿದರೆ ಅದು ಅಲ್ಲಿಗೇ ಮುಗಿಯಿತು, ಮುಂದಿನ ಕೋಣೆಯವರಿಗೆ ಅದರ ಸುಳಿವೂ ಇರುವುದಿಲ್ಲ. ಕಷ್ಟವಿರುವುದು ಬಾಗಿಲ ಹೊರಗಿನ ಆ ಎರಡು ನಿಮಿಷದಲ್ಲಿ. ಹೊಸ ಇಂಗ್ಲಿಷ್ ಪ್ಯಾರಾವನ್ನು ಗಡಿಯಾರದ ಎದುರು ಓದಬೇಕು. ಹಾಗಾಗಿ ಅಭ್ಯಾಸ ಓದುವುದರಿಂದ ಶುರುವಾಗಬೇಕು. ಚೀಟಿಯ ಕೊನೆಯ ವಾಕ್ಯವನ್ನು ಮೊದಲು ಓದಿ, ಮಾಡಬೇಕಾದ ಕೆಲಸ ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಮೇಲಿನಿಂದ ಓದುತ್ತಾ ಯಾರು ಯಾರು ಇದ್ದಾರೆ, ಯಾರಿಗೆ ತೊಂದರೆಯಾಗಬಹುದು ಎಂದಷ್ಟೇ ಹುಡುಕಿ. ಒಂದು ಪದ ತಿಳಿಯದಿದ್ದರೆ ಒಳಗೆ ಹೋಗಿ ಕೇಳಿ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವರೇ ಆಸ್ಪತ್ರೆಗೆ ಬೇಕಾದವರು.

ಅಜ್ಜಿಗೆ ಹೇಳಬೇಡಿ

ನಮ್ಮ ಮಕ್ಕಳನ್ನು ನಿಜವಾಗಿ ಕಾಡುವ ಒಂದು ಸನ್ನಿವೇಶವನ್ನು ಬಿಡಿಸಿ ನೋಡೋಣ. ವಯಸ್ಸಾದ ಹೆಂಗಸಿಗೆ ಕ್ಯಾನ್ಸರ್. ಮಗ ಬಂದು ವೈದ್ಯರನ್ನು ಬೇಡಿಕೊಳ್ಳುತ್ತಾನೆ: "ಅಮ್ಮನಿಗೆ ಮಾತ್ರ ಹೇಳಬೇಡಿ, ತಡೆದುಕೊಳ್ಳೋದಿಲ್ಲ." ನೀವು ಏನು ಮಾಡುತ್ತೀರಿ?

ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಳೆದವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಅಜ್ಜಿಯ ರಿಪೋರ್ಟನ್ನು ಚಿಕ್ಕಪ್ಪ ಬೀರುವಿನಲ್ಲಿಟ್ಟು "ಗ್ಯಾಸ್ಟ್ರಿಕ್ ಅಷ್ಟೇ ಕಣಮ್ಮ" ಎಂದದ್ದನ್ನು ಎಷ್ಟೋ ಮನೆಗಳು ಕಂಡಿವೆ. ಅಭ್ಯರ್ಥಿ ಇಲ್ಲಿ ಎರಡು ರೀತಿಯಲ್ಲಿ ಎಡವುತ್ತಾರೆ. ಕೆಲವರು ತಮ್ಮ ಮನೆಯ ನೆನಪಿನಲ್ಲಿ ಮಗನ ಪಕ್ಷ ವಹಿಸುತ್ತಾರೆ. ಇನ್ನು ಕೆಲವರು ತಯಾರಿ ಪುಸ್ತಕದಲ್ಲಿ ಓದಿದ ನಾಲ್ಕು ತತ್ತ್ವಗಳನ್ನು ಒಪ್ಪಿಸುತ್ತಾರೆ. ಬೋಶಾಂಪ್ ಮತ್ತು ಚಿಲ್ಡ್ರೆಸ್ 1979ರಲ್ಲಿ ತಮ್ಮ ಗ್ರಂಥದಲ್ಲಿ ಮುಂದಿಟ್ಟ ಆ ನಾಲ್ಕು, ಅಂದರೆ ರೋಗಿಯ ಸ್ವನಿರ್ಧಾರ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ, ಯೋಚನೆಗೆ ಒಳ್ಳೆಯ ಆಸರೆ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಮಗನ ಕಣ್ಣೀರಿಗೆ ಉತ್ತರ ಸಿಗುವುದಿಲ್ಲ.

ಕೆಟ್ಟ ಸುದ್ದಿ ತಿಳಿಸುವುದಕ್ಕೆ ವಾಲ್ಟರ್ ಬೇಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸ್ಪೈಕ್ಸ್ ಎಂಬ ಆರು ಹೆಜ್ಜೆಗಳ ಕ್ರಮವಿದೆ. ಅದರ ಮೂರನೆಯ ಹೆಜ್ಜೆ, ರೋಗಿ ಎಷ್ಟು ತಿಳಿಯಲು ಬಯಸುತ್ತಾರೆ ಎಂದು ಅವರನ್ನೇ ಕೇಳುವುದು. ದಾರಿ ಅಲ್ಲೇ ಇದೆ. ಮಗನ ಮಾತನ್ನು ಪೂರ್ತಿ ಕೇಳಿ, ಅವನ ಹೆದರಿಕೆ ಪ್ರೀತಿಯಿಂದ ಹುಟ್ಟಿದ್ದೆಂದು ಒಪ್ಪಿ. ತಾಯಿಯ ಬಳಿ ಸುಳ್ಳು ಹೇಳಲಾರೆ, ಆದರೆ ಅವರ ಮೇಲೆ ಸುದ್ದಿ ಹೇರುವುದೂ ಇಲ್ಲ ಎಂದು ತಿಳಿಸಿ. ತಾಯಿಯನ್ನು ಕೇಳಿ: ಎಲ್ಲ ವಿವರ ನಿಮಗೇ ಹೇಳಲೇ, ಮಗನ ಜತೆ ಮಾತಾಡಲೇ? ಅವರು "ಮಗನಿಗೇ ಹೇಳಿ" ಎಂದರೆ ಅದೂ ಅವರದೇ ನಿರ್ಧಾರ. ಬ್ರಿಟನ್ನಿಗೆ ಹೋಗುವವರು 2015ರ ಮಾಂಟ್ಗೊಮರಿ ತೀರ್ಪನ್ನೂ ತಿಳಿದಿರಲಿ. ಮಧುಮೇಹವಿದ್ದ ಗರ್ಭಿಣಿಗೆ ಹೆರಿಗೆಯ ಅಪಾಯವನ್ನು ವೈದ್ಯೆ ಮುಂಚಿತವಾಗಿ ಹೇಳದೆ ಇದ್ದ ಪ್ರಕರಣ ಅದು. ರೋಗಿಗೆ ಮುಖ್ಯವೆನಿಸುವ ಅಪಾಯಗಳನ್ನು ತಿಳಿಸಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಈ ಉತ್ತರಕ್ಕೆ ಬೇಕಾದ ಇಂಗ್ಲಿಷ್ ಹೈಸ್ಕೂಲಿನದು. ಕಷ್ಟವಿರುವುದು ಯೋಚನೆಯಲ್ಲಿ. ಆದ್ದರಿಂದ ಇಂಥ ಸನ್ನಿವೇಶಗಳನ್ನು ಮೊದಲು ಕನ್ನಡದಲ್ಲಿ, ಮನೆಯವರ ಜತೆ ಜಗಳವಾಡುತ್ತಲೇ ಚರ್ಚಿಸಿ. ಯೋಚನೆ ನಿಚ್ಚಳವಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ನೋಡಿ. ಈ ಕ್ರಮವನ್ನು ತಿರುಗುಮುರುಗು ಮಾಡಿದವರಿಗೆ ಇಂಗ್ಲಿಷ್ ಪದಗುಚ್ಛಗಳು ಉಳಿಯುತ್ತವೆ, ಅವುಗಳೊಳಗೆ ಏನೂ ಇರುವುದಿಲ್ಲ.

ಗೌರವ ಎಲ್ಲಿ ಕೂತಿರುತ್ತದೆ

ರೋಲ್ ಪ್ಲೇ ಕೋಣೆಯಲ್ಲಿ ತರಬೇತಾದ ನಟ ಅಥವಾ ನಟಿ ಇರುತ್ತಾರೆ. ತಯಾರಿ ಮಾಡಿಸುವವರೆಲ್ಲ ಹೇಳುವ ಪ್ರಸಿದ್ಧ ಸನ್ನಿವೇಶ: ನೆರೆಮನೆಯವರ ಬೆಕ್ಕು ನಿಮ್ಮ ಕಾರಿನಡಿ ಸಿಕ್ಕಿ ಸತ್ತಿದೆ, ಹೋಗಿ ತಿಳಿಸಿ. ಬೆಕ್ಕು ತಾನೇ ಎಂದುಕೊಂಡವರು ಇಲ್ಲಿ ಸೋಲುತ್ತಾರೆ. ಕಳೆದುಕೊಂಡದ್ದು ಎಷ್ಟು ದೊಡ್ಡದೆಂದು ನಿರ್ಧರಿಸುವವರು ಕಳೆದುಕೊಂಡವರೇ.

ಇಲ್ಲಿ ನಮ್ಮ ಭಾಷೆಯ ಒಂದು ಗುಣ ತೊಡಕಾಗುತ್ತದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದೊಳಗೇ ಇದೆ. "ಕೂತ್ಕೊಳ್ಳಿ, ಏನಾಯ್ತು ಹೇಳಿ" ಎಂದರೆ ಮೃದುವಾಗಿಯೇ ಕೇಳಿಸುತ್ತದೆ. ಅದನ್ನೇ "ಸಿಟ್, ಟೆಲ್ ಮಿ ವಾಟ್ ಹ್ಯಾಪನ್ಡ್" ಎಂದರೆ ಪೊಲೀಸ್ ಠಾಣೆಯ ವಿಚಾರಣೆಯಂತಾಗುತ್ತದೆ. ಹೇಳುವವರ ಮನಸ್ಸಿನಲ್ಲಿ ಗೌರವವಿದ್ದೂ ಕೇಳುವವರಿಗೆ ಅದು ತಲುಪುವುದಿಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವನ್ನು "ವುಡ್ ಯು ಲೈಕ್ ಟು", "ಕುಡ್ ಯು ಟೆಲ್ ಮಿ ಎ ಬಿಟ್ ಮೋರ್", "ವುಡ್ ಇಟ್ ಬಿ ಆಲ್‌ರೈಟ್ ಇಫ್" ಎಂಬಂಥ ಶುರುವಾತುಗಳು ಮಾಡುತ್ತವೆ. ಉರು ಹೊಡೆಯಬೇಕಾದದ್ದು ಏನಾದರೂ ಇದ್ದರೆ ಇಂಥ ಐದಾರು ಶುರುವಾತುಗಳನ್ನು ಮಾತ್ರ, ನಿದ್ದೆಯಲ್ಲೂ ಬರುವಷ್ಟು. ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ "ಹೂಂ" ಎನ್ನುವ ನಮ್ಮ ಅಭ್ಯಾಸವೂ ಅಲ್ಲಿ ಗೊಂದಲ ಮಾಡಬಹುದು. ಬಾಯಿಬಿಟ್ಟು "ಯೆಸ್, ಐ ಸೀ" ಎನ್ನಿ. ದೊಡ್ಡವರ ಎದುರು ಕಣ್ಣು ತಗ್ಗಿಸುವುದು ನಮ್ಮಲ್ಲಿ ವಿನಯ. ಅಲ್ಲಿ ಅದನ್ನು ಅಂಜಿಕೆಯೆಂದೋ ಉದಾಸೀನವೆಂದೋ ಓದುತ್ತಾರೆ.

ಉಚ್ಚಾರಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಧಾಟಿ ಬಿಡಿ, ಸ್ಪಷ್ಟತೆ ಹಿಡಿಯಿರಿ. ಕನ್ನಡದ ಧಾಟಿಯ ಇಂಗ್ಲಿಷ್ ತಪ್ಪಲ್ಲ. ಆದರೆ 15 ಮತ್ತು 50 ಒಂದೇ ಥರ ಕೇಳಿಸಿದರೆ ಆಸ್ಪತ್ರೆಯಲ್ಲಿ ಔಷಧದ ಪ್ರಮಾಣವೇ ಬದಲಾಗುತ್ತದೆ. ಫಿಫ್ಟೀನ್‌ನ ಕೊನೆಯನ್ನು ಎಳೆದು ಒತ್ತಬೇಕು, ಫಿಫ್ಟಿಯ ಮೊದಲನ್ನು ಒತ್ತಬೇಕು. ಅನುಮಾನವಿದ್ದರೆ "ಒನ್ ಫೈವ್" ಎಂದು ಬಿಡಿಸಿ ಹೇಳುವುದು ವೈದ್ಯರೇ ಪಾಲಿಸುವ ರೂಢಿ. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚು ಕಡಿಮೆ ಸಮವಾಗಿ ಸಾಗುತ್ತವೆ, ಇಂಗ್ಲಿಷಿನಲ್ಲಿ ಪ್ರತಿ ಪದಕ್ಕೂ ಒಂದು ಒತ್ತಿನ ಜಾಗವಿದೆ. ಆ ಒತ್ತು ತಪ್ಪಿದರೆ ಪದವೇ ಗುರುತು ಸಿಗದೆ ಹೋಗಬಹುದು. ಬಸ್ಸು, ಕಾರು ಎಂದು ಪದದ ಕೊನೆಗೆ ಉಕಾರ ಸೇರಿಸುವುದು, ಎಗ್ ಎನ್ನಲು ಹೋಗಿ ಯೆಗ್ ಎನ್ನುವುದು, ಜಿಪ್ ಮತ್ತು ಝಿಪ್‌ಗಳ ವ್ಯತ್ಯಾಸ ಬಿಡುವುದು ಇವೆಲ್ಲ ಅಷ್ಟು ಕೆಟ್ಟದ್ದಲ್ಲ. ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ವೇಗ. ಫೋನಿನಲ್ಲಿ ನಿಮ್ಮ ಉತ್ತರ ರೆಕಾರ್ಡ್ ಮಾಡಿ, ಭಾರತೀಯರಲ್ಲದ ಸ್ನೇಹಿತರೊಬ್ಬರಿಗೆ ಕೇಳಿಸಿ, ತಿಳಿಯದ ಪದಗಳನ್ನು ಬರೆದುಕೊಡಲು ಹೇಳಿ. ಆ ಪಟ್ಟಿಯಷ್ಟೇ ನಿಮ್ಮ ಉಚ್ಚಾರಣೆಯ ಪಾಠ.

ನಿಮ್ಮದೇ ಅನುಭವ

"ಏಕೆ ವೈದ್ಯಕೀಯ?" ಎಂಬ ಪ್ರಶ್ನೆಗೆ ಎರಡು ಭಾಷೆಯ ಮಕ್ಕಳ ಬಳಿ ಬೇರೆಯವರ ಬಳಿ ಇಲ್ಲದ ಸಾಮಗ್ರಿ ಇರುತ್ತದೆ. ಊರಿನಿಂದ ಬಂದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರ ಮಾತನ್ನು ಕನ್ನಡಕ್ಕೂ ಅಜ್ಜಿಯ ಮಾತನ್ನು ಇಂಗ್ಲಿಷಿಗೂ ದಾಟಿಸಿದವರು ಎಷ್ಟೋ ಮಂದಿ. ಇದನ್ನು ಹೆಮ್ಮೆಯ ಕತೆಯಾಗಿ ಹೇಳಿ ನಿಲ್ಲಿಸುವುದು ದೊಡ್ಡ ಅವಕಾಶವನ್ನು ಕೈಬಿಟ್ಟಂತೆ. ಅದರೊಳಗಿನ ಕಷ್ಟವನ್ನು ನೋಡಿ. ಮೊಮ್ಮಗ ದುಭಾಷಿಯಾದಾಗ ಅಜ್ಜಿ ಮೂತ್ರದ ತೊಂದರೆಯನ್ನು ಹೇಳದೆ ನುಂಗಿಕೊಳ್ಳುತ್ತಾರೆ. ಡಾಕ್ಟರು ಕಠಿಣವಾಗಿ ಹೇಳಿದ್ದನ್ನು ಮೊಮ್ಮಗ ಮೆತ್ತಗೆ ಮಾಡಿ ಹೇಳುತ್ತಾನೆ. ಗೊತ್ತಿಲ್ಲದ ವೈದ್ಯಕೀಯ ಪದ ಬಂದಾಗ ಊಹೆ ಮಾಡುತ್ತಾನೆ. ಅಮೆರಿಕದಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದವರು ಸುಮಾರು 2.5 ಕೋಟಿ ಮಂದಿ. ಅಲ್ಲಿನ 2016ರ ಆರೋಗ್ಯ ನಿಯಮಗಳು ತುರ್ತು ಸಂದರ್ಭ ಬಿಟ್ಟರೆ ಚಿಕ್ಕ ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಎಂದು ಹೇಳಿದ್ದಕ್ಕೆ ಕಾರಣ ಇಂಥ ತೊಡಕುಗಳೇ. "ನಾನು ಆ ದಿನ ಸಹಾಯ ಮಾಡಿದೆ, ಆದರೆ ಆ ಕೆಲಸಕ್ಕೆ ನಾನು ಸರಿಯಾದ ವ್ಯಕ್ತಿಯಲ್ಲ ಎಂದು ಈಗ ತಿಳಿದಿದೆ, ವೈದ್ಯಳಾದ ಮೇಲೆ ತರಬೇತಾದ ದುಭಾಷಿಯನ್ನು ಕೇಳುತ್ತೇನೆ" ಎನ್ನುವ ಹುಡುಗಿಯ ಯೋಚನೆ ಎಷ್ಟು ದೂರ ಹೋಗಿದೆಯೆಂದು ಪರೀಕ್ಷಕರಿಗೆ ತಾನಾಗಿ ತಿಳಿಯುತ್ತದೆ.

ಕತೆ ಹೇಳುವ ಕ್ರಮದಲ್ಲೂ ಒಂದು ತಿದ್ದುಪಡಿ ಬೇಕು. ನಾವು ಹಿನ್ನೆಲೆಯಿಂದ ಹೊರಟು, ಸುತ್ತಿ ಬಳಸಿ, ಮುಖ್ಯ ಮಾತನ್ನು ಕೊನೆಗೆ ಇಡುತ್ತೇವೆ. ಎಂಟು ನಿಮಿಷದಲ್ಲಿ ಅದು ಹೊಂದುವುದಿಲ್ಲ. ಉತ್ತರ ಮೊದಲು, ಕತೆ ಆಮೇಲೆ. "ನಾವು ಮಾಡಿದೆವು" ಎಂದು ವಿನಯದಿಂದ ಹೇಳಿದರೆ ನೀವು ಮಾಡಿದ್ದೇನೆಂದು ಕಾಣಿಸುವುದೇ ಇಲ್ಲ. ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಂಡದ್ದು ನೀವಾದರೆ "ನಾನು ಬರೆದುಕೊಂಡೆ" ಎನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಜಂಬವಲ್ಲ.

ಪೂರ್ತಿ ಉತ್ತರಗಳನ್ನು ಬಾಯಿಪಾಠ ಮಾಡುವ ಆಸೆ ಎರಡನೆಯ ಭಾಷೆಯವರಿಗೆ ಸಹಜ. ಪಿಯುಸಿ ನಮಗೆ ಕಲಿಸಿದ್ದೂ ಅದನ್ನೇ. ಪರೀಕ್ಷಕರು ನಡುವೆ ಒಂದು ಪ್ರಶ್ನೆ ಹಾಕಿದರೆ ಆ ಉತ್ತರ ಅಲ್ಲಿಗೇ ಕುಸಿಯುತ್ತದೆ. ಬದಲಿಗೆ ನಿಮ್ಮ ಬದುಕಿನ ಏಳೆಂಟು ಘಟನೆಗಳನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಬೇರೆ ಬೇರೆ ಪ್ರಶ್ನೆಗೆ ಬೇರೆ ಬೇರೆ ಮಾತಿನಲ್ಲಿ ಹೇಳಿ ನೋಡಿ. ಅದೇ ಘಟನೆ ತಂಡದ ಪ್ರಶ್ನೆಗೂ ಸೋಲಿನ ಪ್ರಶ್ನೆಗೂ ಒದಗುತ್ತದೆ.

2020ರ ನಂತರ ಅಮೆರಿಕದ ಬಹಳಷ್ಟು ಸಂದರ್ಶನಗಳು ಆನ್‌ಲೈನ್ ಆದವು. ಒಳ್ಳೆಯ ಹೆಡ್‌ಫೋನ್ ಕೊಳ್ಳಿ, ಪರಕೀಯ ಧಾಟಿ ಕೆಟ್ಟ ಸ್ಪೀಕರಿನಲ್ಲಿ ಇನ್ನಷ್ಟು ಕಲಸಿಹೋಗುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ "ನನಗೆ ತಿಳಿದದ್ದು ಹೀಗೆ, ಸರಿಯೇ?" ಎಂದು ನಿಮ್ಮ ಮಾತಿನಲ್ಲಿ ಹೇಳಿ ಖಚಿತಪಡಿಸಿಕೊಳ್ಳಿ. ರೋಗಿಯ ಜತೆಗೂ ವೈದ್ಯರು ಹೀಗೇ ಮಾಡುತ್ತಾರೆ.

ಒಬ್ಬಿಬ್ಬರ ಎದುರು ಕೂರುವ ಸಂದರ್ಶನದ ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ?" ಎಂದು ಕೇಳುತ್ತಾರೆ. ಹಾಸ್ಟೆಲ್, ಫೀಸುಗಳ ವಿಚಾರ ವೆಬ್‌ಸೈಟಿನಲ್ಲೇ ಇರುತ್ತದೆ. ದುಭಾಷಿಯ ಜತೆ ಕೆಲಸ ಮಾಡುವುದನ್ನು ವಿದ್ಯಾರ್ಥಿಗಳಿಗೆ ಎಷ್ಟನೆಯ ವರ್ಷದಲ್ಲಿ ಕಲಿಸುತ್ತೀರಿ, ಅವರು ಆಸ್ಪತ್ರೆಯಲ್ಲಿ ಯಾವ ಯಾವ ಭಾಷೆಯ ರೋಗಿಗಳನ್ನು ನೋಡುತ್ತಾರೆ ಎಂದು ಕೇಳಿ. ಅವರ ಉತ್ತರದಿಂದ ಆ ಕಾಲೇಜಿನ ಬಗ್ಗೆ ನಿಮಗೂ ಕೆಲವು ಸಂಗತಿ ತಿಳಿಯುತ್ತದೆ, ಎರಡು ಮೂರು ಕಡೆ ಸೀಟು ಸಿಕ್ಕಾಗ ಎಲ್ಲಿಗೆ ಸೇರುವುದೆಂದು ನಿರ್ಧರಿಸಲು ಅದು ಬೇಕಾಗುತ್ತದೆ.