ತಲೆಯೊಳಗಿನ ತಿಳಿನೀರು

ಮನೆಯಲ್ಲಿ ವಯಸ್ಸಾದವರು ಕಾಲೆಳೆದು ನಡೆಯತೊಡಗಿದರೆ, ಆಡಿದ ಮಾತನ್ನು ಮರೆಯತೊಡಗಿದರೆ, ‘ಅರವತ್ತು ದಾಟಿದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ನಾವು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗುವುದರಿಂದ ಎಂತಹ ನಷ್ಟವುಂಟಾಗಬಹುದೆಂಬುದನ್ನು ದೊಡ್ಡಬಳ್ಳಾಪುರದಲ್ಲಿ ನಾವು ಕಣ್ಣಾರೆ ಕಂಡೆವು.

ನಮಗೆ ಪರಿಚಿತರಾದ ಮಗ್ಗದ ಮನೆಯ ಯಜಮಾನರೊಬ್ಬರು ಎಪ್ಪತ್ತನ್ನು ದಾಟಿದವರು. ಸೀರೆಯ ಅಂಚಿನಲ್ಲಿ ಒಂದೆಳೆ ತಪ್ಪಿದರೂ ದೂರದಿಂದಲೇ ಕಂಡುಹಿಡಿಯಬಲ್ಲವರಾಗಿದ್ದರು. ಅಂಥವರ ಪಾದಗಳು ನೆಲಕ್ಕೆ ಅಂಟಿಕೊಂಡಂತಾಗಿ, ಹೆಜ್ಜೆಗಳು ಗೇಣುದ್ದಕ್ಕೆ ಇಳಿದವು. ಬಳಿಕ ಮೂತ್ರದ ಮೇಲಿನ ಹತೋಟಿ ತಪ್ಪಿತು, ನೆನಪೂ ಮಸುಕಾಯಿತು. ಹೀಗೆ ಎರಡು ವರ್ಷಗಳು ಕಳೆದ ಮೇಲೆ ಬೆಂಗಳೂರಿಗೆ ಕರೆದೊಯ್ದರು. ಅಲ್ಲಿಯ ವೈದ್ಯರು ತಲೆಯ ಚಿತ್ರವನ್ನು ತೆಗೆಯಿಸಿ ನೋಡಿ, ಬೆನ್ನಿನಿಂದ ಕೊಂಚ ನೀರನ್ನು ತೆಗೆದು ಪರೀಕ್ಷಿಸಬೇಕೆಂದರು. ಮನೆಯವರು ಹೆದರಿ ಊರಿಗೆ ಮರಳಿದರು. ‘ಮೇಷ್ಟ್ರೇ, ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲೇ ಬಿದ್ದುಹೋಗುತ್ತದಂತೆ, ಹೌದೇ?’ ಎಂದು ಹಿರಿಯ ಮಗನು ನಮ್ಮನ್ನು ಕೇಳಿದನು. ಆಗ ನಮಗೆ ಉತ್ತರವು ತಿಳಿದಿರಲಿಲ್ಲ. ಬಲ್ಲವರನ್ನು ಕೇಳಿ, ಓದಿ, ನಾವು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ಮೆದುಳೂ ಬೆನ್ನುಹುರಿಯೂ ಸದಾ ಒಂದು ತಿಳಿನೀರಿನಲ್ಲಿ ತೇಲಿಕೊಂಡಿರುವುವು. ಇದನ್ನು ಮಸ್ತಿಷ್ಕಮೇರುದ್ರವವೆನ್ನಬಹುದು. ಸುಮಾರು 1400 ಗ್ರಾಂ ತೂಗುವ ಮೆದುಳು ಈ ನೀರಿನಲ್ಲಿ ತೇಲುವುದರಿಂದ ಅದರ ಭಾರವು ಸುಮಾರು 50 ಗ್ರಾಂನಷ್ಟಕ್ಕೆ ಇಳಿಯುವುದು. ತಲೆಗೆ ಬಿದ್ದ ಪೆಟ್ಟಿನ ರಭಸವೂ ತಗ್ಗುವುದು. ತರ್ಪಕವೆಂಬ ಕಫವು ಶಿರಸ್ಸಿನಲ್ಲಿದ್ದು ಇಂದ್ರಿಯಗಳನ್ನು ತಣಿಸುವುದೆಂದು ನಮ್ಮ ಆಯುರ್ವೇದ ಗ್ರಂಥಗಳು ಹೇಳುವುವು. ಆದರೆ ಅದೇ ಇದು ಎಂದು ಹೆಮ್ಮೆಪಡುವುದು ಸರಿಯಲ್ಲ. ಈ ದ್ರವವನ್ನು ಶರೀರದಲ್ಲಿ ಕಂಡು 1764ರಲ್ಲಿ ವರ್ಣಿಸಿದವನು ಇಟಲಿಯ ಕೊಟುನ್ಯೋ ಎಂಬ ಪಂಡಿತನು.

ಈ ನೀರಿನ ವ್ಯವಸ್ಥೆಯನ್ನು ತಿಳಿಯಲು ನಮ್ಮೂರಿನ ನಾಗರಕೆರೆಯನ್ನು ನೆನೆದರೆ ಸಾಕು. ಕೆರೆಗೆ ನೀರು ಬರುವ ಕಾಲುವೆಯೂ ಬೇಕು, ಹೋಗುವ ತೂಬು ಕೋಡಿಗಳೂ ಬೇಕು. ಮೆದುಳಿನೊಳಗೆ ನಾಲ್ಕು ಕುಹರಗಳಿವೆ. ಅಲ್ಲಿರುವ ಸೂಕ್ಷ್ಮವಾದ ರಕ್ತನಾಳಗಳ ಗೊಂಚಲುಗಳಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವವು ಹುಟ್ಟುವುದು. ಒಂದು ಹೊತ್ತಿನಲ್ಲಿ ಇರುವುದಾದರೋ ಸುಮಾರು 150 ಮಿಲಿಲೀಟರ್ ಮಾತ್ರ. ಉಳಿದುದು ಮೆದುಳನ್ನೂ ಬೆನ್ನುಹುರಿಯನ್ನೂ ಬಳಸಿ ಹರಿದು ಮರಳಿ ರಕ್ತವನ್ನು ಸೇರುವುದು. ಈ ಹರಿವಿಗೆ ತಡೆಯಾದರೆ ಕುಹರಗಳು ಉಬ್ಬುವುವು. ಕೂಸುಗಳಲ್ಲಿ ಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರದ ಕಾರಣ ತಲೆಯೇ ದೊಡ್ಡದಾಗುವುದು; ದೊಡ್ಡವರಲ್ಲಿ ಮೂಳೆ ಬಾಗದ ಕಾರಣ ಮೆದುಳೇ ನಲುಗಬೇಕಾಗುವುದು.

ವೃದ್ಧರಲ್ಲಿ ಇದು ಮೋಸದ ರೂಪವೊಂದನ್ನು ತಾಳುವುದುಂಟು. ಸೂಜಿ ಹಾಕಿ ಅಳೆದರೆ ದ್ರವದ ಒತ್ತಡವು ಸಹಜವಾಗಿಯೇ ತೋರುವುದು. ಕುಹರಗಳು ಮಾತ್ರ ಉಬ್ಬಿರುವುವು. ನಡಿಗೆ ಕೆಡುವುದು, ಮೂತ್ರದ ಹತೋಟಿ ತಪ್ಪುವುದು, ನೆನಪು ಕುಂದುವುದು, ಈ ಮೂರೂ ಅದರ ಗುರುತುಗಳು. ಕೊಲಂಬಿಯಾ ದೇಶದ ಹಕೀಂ ಎಂಬ ವೈದ್ಯರು ಸಂಗಡಿಗರೊಡನೆ 1965ರಲ್ಲಿ ಇದನ್ನು ಪ್ರಕಟಿಸಿದರು. ಮರೆವಿನ ರೋಗಗಳಲ್ಲಿ ಬಹುಪಾಲಿಗೆ ಗುಣಪಡಿಸುವ ಮದ್ದಿಲ್ಲ, ಇದಕ್ಕಾದರೋ ಉಪಾಯವುಂಟು. ಕುಹರದಿಂದ ಹೊಟ್ಟೆಯವರೆಗೆ ಚರ್ಮದಡಿಯಲ್ಲಿ ಸಣ್ಣ ಕೊಳವೆಯನ್ನು ಹಾಯಿಸಿ ಹೆಚ್ಚಿನ ನೀರನ್ನು ಇಳಿಸುವರು. ಎಲ್ಲರಿಗೂ ಇದರಿಂದ ಗುಣ ಕಾಣದು. ಯಾರಿಗೆ ಕಾಣಬಹುದೆಂಬುದನ್ನು ಊಹಿಸಲು ಮೊದಲು ಬೆನ್ನಿನಿಂದ ಕೊಂಚ ನೀರನ್ನು ತೆಗೆದು ನಡಿಗೆಯನ್ನು ನೋಡುವರು.

ಈ ನೀರು ಸಾಕ್ಷಿಯನ್ನೂ ಹೇಳಬಲ್ಲುದು. ಆರೋಗ್ಯವಂತರಲ್ಲಿ ಇದು ಸ್ಫಟಿಕದಂತೆ ತಿಳಿಯಾಗಿದ್ದು, ಸಕ್ಕರೆಯ ಅಂಶವು ರಕ್ತದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟಿರುವುದು. ಕೀವುಗಟ್ಟುವ ಸೋಂಕು ಮೆದುಳಿನ ಪೊರೆಗೆ ತಗಲಿದರೆ ನೀರು ಕದಡುವುದು, ಸಕ್ಕರೆ ಇಳಿಯುವುದು. ಕ್ಷಯವು ಮೆದುಳಿನ ಪೊರೆಗೆ ಹಬ್ಬಿದಾಗಲೂ ಸಕ್ಕರೆ ಇಳಿದು ಪ್ರೋಟೀನು ಏರುವುದು. ಈ ರೋಗದಲ್ಲಿ ಮದ್ದು ತಡವಾದಷ್ಟೂ ಪ್ರಾಣಾಪಾಯ ಹೆಚ್ಚು. 1970ರ ದಶಕದ ಕೊನೆಯಲ್ಲಿ ನಮ್ಮ ನೆರೆಯ ಕೋಲಾರ ಜಿಲ್ಲೆಯಲ್ಲಿ ಹಬ್ಬಿ ಮಕ್ಕಳನ್ನು ಬಲಿತೆಗೆದುಕೊಂಡ ಜಪಾನಿ ಮೆದುಳು ಜ್ವರವನ್ನೂ ಇಂದು ಈ ದ್ರವದಲ್ಲಿ ಪ್ರತಿಕಾಯಗಳನ್ನು ಹುಡುಕಿ ಗುರುತಿಸುವರು. ಇಂತಹ ಪರೀಕ್ಷೆಗಳಿಗೆ ನಾವು ಬಹುದೂರ ಹೋಗಬೇಕಾಗಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ, ಡಾಕ್ಟರ್ ಮಾರ್ತಾಂಡವರ್ಮರು ಮೊದಲ ನಿರ್ದೇಶಕರಾಗಿ ನಡೆಸಿದ ನಿಮ್ಹಾನ್ಸ್ ನರರೋಗಗಳಿಗೆ ದೇಶದಲ್ಲೇ ಹೆಸರಾದುದು.

ಇನ್ನು ಆ ಮಗನ ಪ್ರಶ್ನೆ. ಬೆನ್ನಿನಿಂದ ನೀರು ತೆಗೆಯುವ ಕ್ರಮವನ್ನು 1891ರಲ್ಲಿ ಜರ್ಮನಿಯ ಕ್ವಿಂಕೆ ರೂಢಿಗೆ ತಂದನು. ದೊಡ್ಡವರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಬಳಿ ಮುಗಿಯುವುದು. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಬೆನ್ನುಹುರಿಯಿರದೆ, ನೀರಿನಲ್ಲಿ ತೇಲುವ ನರಗಳ ಎಳೆಗಳು ಮಾತ್ರವಿರುವುವು. ಆದುದರಿಂದ ಕಾಲು ಬಿದ್ದುಹೋಗುವುದೆಂಬ ಭೀತಿಯು ಬಹಳಮಟ್ಟಿಗೆ ನಿರಾಧಾರವಾದುದು. ಒಂದೆರಡು ದಿನ ತಲೆನೋವು ಬರುವುದುಂಟು. ತಲೆಯೊಳಗೆ ಗಡ್ಡೆಯ ಸಂಶಯವಿದ್ದರೆ, ರಕ್ತಕ್ಕೆ ಹೆಪ್ಪುಗಟ್ಟದ ದೋಷವಿದ್ದರೆ ವೈದ್ಯರು ಮೊದಲೇ ಎಚ್ಚರವಹಿಸುವರು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಸೇವಿಸುತ್ತಿರುವವರು ಅದನ್ನು ಮುಂಚೆಯೇ ತಿಳಿಸತಕ್ಕದ್ದು.

ಇಷ್ಟನ್ನು ಆ ಮಗನಿಗೆ ತಿಳಿಹೇಳಿದೆವು. ಅವನು ತಂದೆಯನ್ನು ಮತ್ತೆ ಕರೆದೊಯ್ದನು. ನೀರು ತೆಗೆದ ಮರುದಿನ ಯಜಮಾನರು ಆಸರೆಯಿಲ್ಲದೆ ಬಾಗಿಲವರೆಗೆ ನಡೆದರಂತೆ. ತಿಂಗಳೊಳಗೆ ಕೊಳವೆಯನ್ನಿಟ್ಟರು. ಈಗ ಅವರು ಬೆಳಗಿನ ಹೊತ್ತು ಬೀದಿಯ ಕೊನೆಯವರೆಗೆ ಹೋಗಿಬರುವರು. ಮೂತ್ರದ ಬಾಧೆಯೂ ತಗ್ಗಿದೆ. ನೆನಪು ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಮಗ್ಗದ ಮುಂದೆ ಕುಳಿತು ನೋಡುವರು, ಅಂಚಿನ ಲೆಕ್ಕವು ತಪ್ಪುವುದು. ‘ಎರಡು ವರ್ಷ ಮೊದಲೇ ತಂದಿದ್ದರೆ ಇನ್ನೂ ಹೆಚ್ಚು ಗುಣ ಕಾಣಬಹುದಾಗಿತ್ತು’ ಎಂದು ವೈದ್ಯರು ಹೇಳಿದ ಮಾತನ್ನು ಆ ಮಗನು ನಮ್ಮೊಡನೆ ಹೇಳುವಾಗ ತಲೆ ತಗ್ಗಿಸಿಕೊಂಡಿದ್ದನು. ಅವನೊಬ್ಬನದೇ ತಪ್ಪಲ್ಲ. ಅವರ ಹೆಜ್ಜೆ ಕುಗ್ಗಿದುದನ್ನು ದಿನವೂ ಬೀದಿಯಲ್ಲಿ ಕಂಡು, ವಯಸ್ಸಾಯಿತೆಂದು ಅಂದುಕೊಂಡವರಲ್ಲಿ ನಾವೂ ಒಬ್ಬರು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ: ಹಿರಿಯರ ನಡಿಗೆ ಕೆಟ್ಟು, ಮೂತ್ರದ ಹತೋಟಿಯೋ ನೆನಪೋ ತಪ್ಪಿದಲ್ಲಿ ತಡಮಾಡದೆ ನರರೋಗದ ವೈದ್ಯರಿಗೆ ತೋರಿಸಿರಿ. ಜ್ವರದೊಡನೆ ಕತ್ತು ಬಿಗಿದುಕೊಂಡರೆ ಅಥವಾ ಬುದ್ಧಿ ಮಂಕಾದರೆ ಒಂದು ದಿನವನ್ನೂ ಕಾಯಬೇಡಿರಿ. ವೈದ್ಯರು ಬೆನ್ನಿನ ನೀರನ್ನು ಪರೀಕ್ಷಿಸಬೇಕೆಂದರೆ, ಏಕೆಂದು ಕೇಳಿ ತಿಳಿದು, ಧೈರ್ಯದಿಂದ ಒಪ್ಪಿಕೊಳ್ಳಿರಿ.