ಕೋರ್ ಎಂಟಿದ್ದರೇನು, ಸಮಯ ಹದಿನಾರೇ ಮಿಲಿಸೆಕೆಂಡ್

ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಇಳಿದು ಸುತ್ತು ಮುಗಿಸಬೇಕು. ಈ ಲೆಕ್ಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಲು ಪ್ರಿಯವಾಗಿತ್ತು. ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನೇ ಅವರು ಆಟಗಳಿಗೆ ಮೀಸಲಿಟ್ಟರು. ಕುದುರೆಯ ಸುತ್ತಿಗೆ ಮಾಯಾಚೌಕವನ್ನೂ ಬೆಸೆದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಕುದುರೆ ಇಳಿದ ಕ್ರಮದಲ್ಲೇ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕುತ್ತಾ ಹೋದಾಗ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದರೆ 260 ಬರಬೇಕು. ಎರಡು ಕರ್ಣಗಳೂ 260 ಆಗುವಂಥ ಸುತ್ತು ಇದೆಯೇ? ಒಂದೂವರೆ ಶತಮಾನ ಕೈಲೆಕ್ಕದಲ್ಲಿ ತೀರದ ಈ ಪ್ರಶ್ನೆಯನ್ನು 2003ರಲ್ಲಿ ಕಂಪ್ಯೂಟರ್ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ತೀರಿಸಿತು. ಪ್ರೊಸೆಸರ್ ದುಡಿದದ್ದು ಸುಮಾರು ಅರವತ್ತೊಂದು ದಿನದ ಲೆಕ್ಕ. ಸಾಲುಗಳಷ್ಟೇ ಹೊಂದುವ ಸುತ್ತುಗಳು 140 ಸಿಕ್ಕವು, ಕರ್ಣವೂ ಹೊಂದುವುದು ಒಂದೂ ಇಲ್ಲ.

ಇದು ಹಂಚಿಕೊಳ್ಳಲು ಹೇಳಿ ಮಾಡಿಸಿದಂಥ ಕೆಲಸ. ಈ ಮೂಲೆಯಿಂದ ಹೊರಟ ಕುದುರೆಯನ್ನು ಒಂದು ಯಂತ್ರ ಹಿಂಬಾಲಿಸಲಿ, ಆ ಮೂಲೆಯದನ್ನು ಇನ್ನೊಂದು. ಒಂದರ ಉತ್ತರಕ್ಕಾಗಿ ಇನ್ನೊಂದು ಕಾಯಬೇಕಿಲ್ಲ. ನೂರು ಕೋರ್, ಅಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ನೂರು ಘಟಕ, ಕೊಟ್ಟರೆ ಹೆಚ್ಚುಕಡಿಮೆ ನೂರು ಪಟ್ಟು ಬೇಗ ಮುಗಿಯುತ್ತದೆ. ಎಂಟು ಕೋರ್ ಇರುವ ಕಂಪ್ಯೂಟರ್‌ನಲ್ಲಿ ಗೇಮ್ ಕೂಡ ಎಂಟು ಪಟ್ಟು ಸರಾಗವಾಗಿ ಓಡಬೇಕೆಂದು ನಾವು ನಂಬಿರುವುದು ಇಂಥ ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆದರೆ ಗೇಮ್‌ನ ಕೆಲಸ ಈ ಜಾತಿಯದಲ್ಲ.

ಯಾರೋ ಮೈಸೂರಿನ ಜಂಬೂಸವಾರಿಯನ್ನೇ ಗೇಮ್ ಮಾಡುತ್ತಿದ್ದಾರೆ ಎಂದುಕೊಳ್ಳಿ. ಆಡುವವರು ಅಂಬಾರಿ ಆನೆಯನ್ನು ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪ ಮುಟ್ಟಿಸಬೇಕು. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಮೂಡಬೇಕೆಂದರೆ ಒಂದು ಚಿತ್ರಕ್ಕೆ, ಅಂದರೆ ಒಂದು ಫ್ರೇಮಿಗೆ, ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಮೊದಲು ಆಡುವವರ ಬೆರಳು ಯಾವ ಗುಂಡಿ ಒತ್ತಿತು ಎಂದು ನೋಡಬೇಕು. ಆಮೇಲೆ ಆನೆಯ ಹೆಜ್ಜೆ. ಹೆಜ್ಜೆ ಗೊತ್ತಾದ ಮೇಲೆ 750 ಕಿಲೋ ಅಂಬಾರಿ ಎಷ್ಟು ವಾಲಿತು ಎಂಬ ಲೆಕ್ಕ. ಅಂಬಾರಿ ವಾಲಿದ್ದು ತಿಳಿದ ಮೇಲೆ ಅದರ ಜೂಲು, ಗಂಟೆಗಳ ಓಲಾಟ. ಕ್ಯಾಮೆರಾ ಎಲ್ಲಿ ನಿಂತಿದೆ, ಅದಕ್ಕೆ ಯಾರ್‍ಯಾರು ಕಾಣುತ್ತಾರೆ ಎಂಬುದು ಇನ್ನೂ ಆಮೇಲೆ. ಕೊನೆಗೆ ‘ಇದಿದನ್ನು ಬಿಡಿಸು’ ಎಂಬ ಪಟ್ಟಿ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಅರಮನೆಯ ದೀಪಗಳ ಬೆಳಕು ಆನೆಯ ಮೈಮೇಲೆ ಹೇಗೆ ಬಿತ್ತು ಎಂಬಂಥ ಭಾರಿ ಲೆಕ್ಕವೆಲ್ಲ ಅದರ ಪಾಲು. ಅದರಲ್ಲಿರುವ ಸಾವಿರಾರು ಸಣ್ಣ ಘಟಕಗಳು ಪರದೆಯ ಚುಕ್ಕಿಗಳನ್ನು ಹಂಚಿಕೊಂಡು ಬಿಡಿಸುತ್ತವೆ. ಗುಂಡಿಯಿಂದ ಪಟ್ಟಿಯವರೆಗಿನ ಕೆಲಸ ಮಾತ್ರ ಒಂದರ ಬಾಲ ಹಿಡಿದು ಇನ್ನೊಂದು. ಅಂಬಾರಿಯ ಲೆಕ್ಕವನ್ನು ಎರಡನೆಯ ಕೋರಿಗೆ ಕೊಟ್ಟರೂ ಅದು ಆನೆಯ ಹೆಜ್ಜೆಗೆ ಕಾಯುತ್ತಲೇ ಕೂರಬೇಕು.

ಹಾಗಾದರೆ ಉಳಿದ ಕೋರ್‌ಗಳಿಗೆ ಕೆಲಸವೇ ಇಲ್ಲವೇ? ಇದೆ. ರಸ್ತೆಯ ಎರಡೂ ಬದಿಯಲ್ಲಿ ಹತ್ತು ಸಾವಿರ ಜನ ನಿಂತಿದ್ದಾರಲ್ಲ. ಯಾರು ಕತ್ತು ತಿರುಗಿಸಬೇಕು, ಯಾರು ಮಗುವನ್ನು ಹೆಗಲಿಗೇರಿಸಬೇಕು ಎಂಬುದನ್ನು ಕೋರಿಗೆ 1,250 ಜನರಂತೆ ಎಂಟಕ್ಕೂ ಹಂಚಬಹುದು. ಅವರು ನೋಡಬೇಕಾದ್ದು ಆನೆಯನ್ನು, ಆನೆಯ ಲೆಕ್ಕ ಇನ್ನೂ ಮುಗಿದಿಲ್ಲ. ಗೇಮ್ ಬರೆಯುವವರು ಇಲ್ಲೊಂದು ಉಪಾಯ ಮಾಡುತ್ತಾರೆ. ಗೇಮ್ ಲೋಕದ ಎರಡು ಪ್ರತಿ ಇಟ್ಟುಕೊಂಡು, ಹಳೆಯ ಪ್ರತಿಯನ್ನು ಓದಿ ಹೊಸದನ್ನು ಬರೆಯುತ್ತಾರೆ. ಜನ ನೋಡುವುದು ಹಿಂದಿನ ಫ್ರೇಮಿನಲ್ಲಿ ಆನೆ ಇದ್ದ ಜಾಗವನ್ನು. ಹದಿನಾರು ಮಿಲಿಸೆಕೆಂಡ್ ಹಳೆಯ ಆನೆ ಎಂದು ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ.

ತೊಂದರೆ ಬರುವುದು ಇಬ್ಬರು ಒಂದೇ ಜಾಗಕ್ಕೆ ಕಾಲಿಟ್ಟಾಗ. ಫುಟ್‌ಪಾತಿನಲ್ಲಿ ಒಬ್ಬರು ನಿಲ್ಲುವಷ್ಟು ತೆರವಿದೆ. ಮೂರನೆಯ ಕೋರ್ ನೋಡಿತು, ಖಾಲಿ. ಅದೇ ಕ್ಷಣ ಐದನೆಯದೂ ನೋಡಿತು, ಖಾಲಿ. ಎರಡೂ ತಮ್ಮ ಮನುಷ್ಯನನ್ನು ಅಲ್ಲಿ ನಿಲ್ಲಿಸಿದವು. ಒಬ್ಬನ ಮೈಯೊಳಗೆ ಇನ್ನೊಬ್ಬ ನಿಂತ! ಇಂಥ ದೋಷ ನೂರು ಸಲ ಆಡಿದಾಗ ಒಮ್ಮೆ ಬರುತ್ತದೆ, ಹುಡುಕಲು ಕೂತರೆ ಬರುವುದಿಲ್ಲ. ತಡೆಯಲು ಬೀಗ ಹಾಕಬಹುದು: ಒಂದು ಕೋರ್ ಆ ಜಾಗದ ಮಾಹಿತಿಯನ್ನು ಮುಟ್ಟುತ್ತಿರುವಾಗ ಉಳಿದವು ಹೊರಗೆ ನಿಲ್ಲಬೇಕು. ಬೀಗ ಹೆಚ್ಚಾದಷ್ಟೂ ಎಂಟು ಕೋರ್‌ಗಳು ಸರದಿಯಲ್ಲಿ ನಿಂತು ಒಂದೇ ಕೋರಿನಷ್ಟು ಕೆಲಸ ಮಾಡುತ್ತವೆ.

ಈ ತಲೆನೋವನ್ನು ಗೇಮ್ ಮಾಡುವವರು ಇಷ್ಟಪಟ್ಟು ತಂದುಕೊಂಡದ್ದಲ್ಲ. 1999ರ ‘ಕ್ವೇಕ್ 3 ಅರೀನಾ’ದಲ್ಲಿ ಎರಡು ಪ್ರೊಸೆಸರ್ ಬಳಸುವ ಸೌಲಭ್ಯವಿತ್ತು, ಆದರೆ ಅದು ಅಪರೂಪ. ವರ್ಷದಿಂದ ವರ್ಷಕ್ಕೆ ಪ್ರೊಸೆಸರ್ ತಾನೇ ವೇಗವಾಗುತ್ತಿದ್ದಾಗ ಹಂಚುವ ಗೋಜು ಯಾರಿಗೆ ಬೇಕು? 2004ರ ಕೊನೆಗೆ ಪೆಂಟಿಯಮ್ 4 ಚಿಪ್ಪು 3.8 ಗಿಗಾಹರ್ಟ್ಸ್ ಮುಟ್ಟಿ ಅಲ್ಲೇ ನಿಂತಿತು. ವೇಗ ಇನ್ನಷ್ಟು ಏರಿಸಿದರೆ ಚಿಪ್ಪು ತಡೆಯಲಾರದಷ್ಟು ಬಿಸಿ. ಮರುವರ್ಷವೇ ಇಂಟೆಲ್, ಎಎಂಡಿ ಎರಡೂ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಕೂರಿಸಿ ಮಾರುಕಟ್ಟೆಗೆ ತಂದವು. ಅದೇ 2005ರ ನವೆಂಬರಿನಲ್ಲಿ ಮೂರು ಕೋರಿನ ಎಕ್ಸ್‌ಬಾಕ್ಸ್ 360, ಮುಂದಿನ ವರ್ಷ ಪ್ಲೇಸ್ಟೇಷನ್ 3 ಬಂದವು. ಪ್ಲೇಸ್ಟೇಷನ್ 3ರ ‘ಸೆಲ್’ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಕೋರ್, ಗೇಮ್‌ಗಳ ಬಳಕೆಗೆ ಆರು ಚಿಕ್ಕವು. ಚಿಕ್ಕವಕ್ಕೆ ಮುಖ್ಯ ಮೆಮೊರಿಯನ್ನು ನೇರವಾಗಿ ಮುಟ್ಟುವ ಹಾಗಿರಲಿಲ್ಲ. ಬೇಕಾದ ಮಾಹಿತಿಯನ್ನು ಪ್ರೋಗ್ರಾಮರ್ ತಾನೇ ಪ್ರತಿಯೊಂದರ ಅಂಗಳಕ್ಕೆ ಹೊತ್ತು ಹಾಕಬೇಕಿತ್ತು. ನನ್ನ ಮಟ್ಟಿಗೆ ಅದು ಜಾಣ ಯಂತ್ರ, ಆದರೆ ಬರೆಯುವವರ ಮೇಲೆ ಕರುಣೆಯಿಲ್ಲದ ಯಂತ್ರ.

ಅದರಲ್ಲಿ ಪಳಗಿದ್ದ ‘ನಾಟಿ ಡಾಗ್’ ಸಂಸ್ಥೆ ತನ್ನ ‘ದಿ ಲಾಸ್ಟ್ ಆಫ್ ಅಸ್’ ಗೇಮನ್ನು 2014ರಲ್ಲಿ ಪ್ಲೇಸ್ಟೇಷನ್ 4ಕ್ಕೆ ತಂದ ಕಥೆ ಈ ವಿಷಯದಲ್ಲಿ ಓದಲೇಬೇಕಾದ ಪಾಠ. ಹೊಸ ಯಂತ್ರದಲ್ಲಿದ್ದದ್ದು ಎಂಟು ಸಾಧಾರಣ ಕೋರ್, ಗೇಮಿಗೆ ಸಿಗುತ್ತಿದ್ದದ್ದು ಆರು. ಸೆಕೆಂಡಿಗೆ 30 ಇದ್ದ ಫ್ರೇಮುಗಳನ್ನು 60ಕ್ಕೆ ಏರಿಸಬೇಕಿತ್ತು. ಅವರ ಇಂಜಿನಿಯರ್ ಕ್ರಿಶ್ಚಿಯನ್ ಗಿರ್ಲಿಂಗ್ 2015ರ ಗೇಮ್ ಡೆವಲಪರ್ಸ್ ಸಮ್ಮೇಳನದಲ್ಲಿ ಅದನ್ನು ಬಿಡಿಸಿ ಹೇಳಿದರು. ‘ಈ ಕೋರಿಗೆ ಭೌತಶಾಸ್ತ್ರ, ಆ ಕೋರಿಗೆ ಧ್ವನಿ’ ಎಂದು ಖಾತೆ ಹಂಚುವ ಬದಲು, ಇಡೀ ಫ್ರೇಮನ್ನು ಚೂರುಚೂರು ಕೆಲಸಗಳಾಗಿ ಒಡೆದರು. ಬಿಡುವಾದ ಕೋರ್ ಸಾಲಿನಿಂದ ಮುಂದಿನ ಚೂರನ್ನು ಎತ್ತಿಕೊಳ್ಳುತ್ತದೆ. ಕೈಗೆತ್ತಿಕೊಂಡ ಕೆಲಸ ಇನ್ನೊಂದರ ಉತ್ತರಕ್ಕೆ ಕಾಯಬೇಕಾಗಿ ಬಂದರೆ, ಕೋರ್ ಸುಮ್ಮನೆ ಕೂರುವುದಿಲ್ಲ. ಅರ್ಧ ಮುಗಿದದ್ದನ್ನು ಹಾಗೆಯೇ ಎತ್ತಿಟ್ಟು ಬೇರೆಯದನ್ನು ಹಿಡಿಯುತ್ತದೆ. ಹೀಗೆ ಎತ್ತಿಡಲು ‘ಫೈಬರ್’ ಎಂಬ 160 ತಾಣಗಳನ್ನು ಅವರು ಮೊದಲೇ ಸಿದ್ಧಮಾಡಿಕೊಂಡಿದ್ದರು.

ಅದೂ ಸಾಲದಾದಾಗ ಮೂರು ಫ್ರೇಮುಗಳನ್ನು ಏಕಕಾಲಕ್ಕೆ ನಡೆಸಿದರು. ಗ್ರಾಫಿಕ್ಸ್ ಘಟಕ ಮೊದಲ ಫ್ರೇಮನ್ನು ಬಿಡಿಸುತ್ತಿರುವಾಗ ಎರಡನೆಯದರ ಪಟ್ಟಿ ತಯಾರಾಗುತ್ತಿರುತ್ತದೆ, ಮೂರನೆಯದರಲ್ಲಿ ಪಾತ್ರಗಳು ಹೆಜ್ಜೆಯಿಡುತ್ತಿರುತ್ತವೆ. ಕೋರ್‌ಗಳೆಲ್ಲ ತುಂಬಿದವು, ಫ್ರೇಮುಗಳು ಹೆಚ್ಚಿದವು. ಪುಕ್ಕಟೆಯಾಗಿ ಏನೂ ಅಲ್ಲ, ಗುಂಡಿ ಒತ್ತಿದ್ದು ಪರದೆಯಲ್ಲಿ ಕಾಣುವುದು ಅಷ್ಟು ತಡ. ಗುರಿಯಿಟ್ಟು ಹೊಡೆಯುವ ಗೇಮ್‌ಗಳನ್ನು ಆಡುವವರು ಈ ತಡವನ್ನು ಬೇಗ ಗುರುತಿಸುತ್ತಾರೆ.

ಏನೇ ಉಪಾಯ ಮಾಡಿದರೂ ಹಂಚಲಾಗದ ಭಾಗ ಉಳಿದೇ ಉಳಿಯುತ್ತದೆ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ತೋರಿಸಿದ ಲೆಕ್ಕ ಸರಳ. 15 ಮಿಲಿಸೆಕೆಂಡಿನ ಕೆಲಸದಲ್ಲಿ 6 ಹಂಚಲಾಗದ್ದು ಎಂದಿಟ್ಟುಕೊಳ್ಳಿ. ಉಳಿದ 9ನ್ನು ಮೂರು ಕೋರಿಗೆ ಹಂಚಿದರೆ ಒಟ್ಟು 9 ಮಿಲಿಸೆಕೆಂಡ್, ಒಂಬತ್ತು ಕೋರಿಗೆ ಹಂಚಿದರೆ 7. ಕೋರ್ ಮೂರು ಪಟ್ಟಾದರೂ ಉಳಿತಾಯವಾದದ್ದು ಎರಡೇ ಮಿಲಿಸೆಕೆಂಡ್. ಸಾವಿರ ಕೋರ್ ತಂದರೂ 6ಕ್ಕಿಂತ ಕೆಳಗೆ ಇಳಿಯದು.

ನಮ್ಮ ನಾಡಿನ ಒಂದು ಚಿಪ್ಪು ಇದಕ್ಕೆ ತದ್ವಿರುದ್ಧ ಉದಾಹರಣೆ. ಇಂಟೆಲ್‌ನ ಮೊದಲ ಆರು ಕೋರಿನ ಪ್ರೊಸೆಸರ್, ‘ಡನಿಂಗ್ಟನ್’ ಎಂಬ ಗುಪ್ತನಾಮದ ಕ್ಸಿಯಾನ್ 7400, ಬೆಂಗಳೂರಿನ ಎಂಜಿನಿಯರುಗಳು ವಿನ್ಯಾಸ ಮಾಡಿದ್ದು. 2008ರ ಸೆಪ್ಟೆಂಬರಿನಲ್ಲಿ ಹೊರಬಂತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು 190 ಕೋಟಿ. ಅದು ಗೇಮಿಗಲ್ಲ, ಸರ್ವರ್‌ಗಳಿಗೆ. ಬ್ಯಾಂಕಿನ ಸರ್ವರ್‌ಗೆ ಬರುವ ಸಾವಿರ ಗ್ರಾಹಕರ ಕೆಲಸ ಬಹುಮಟ್ಟಿಗೆ ಬೇರೆಬೇರೆ, ಅಲ್ಲಿ ಕೋರ್ ಹೆಚ್ಚಿದಷ್ಟೂ ಲಾಭ.

ಗೇಮಿನಲ್ಲಿ ಗೆಲ್ಲುವುದು ಬೇರೆಯೇ ಗುಣ. ಎಎಂಡಿ 2022ರಲ್ಲಿ ತಂದ ರೈಜನ್ 7 5800ಎಕ್ಸ್3ಡಿ ಚಿಪ್ಪಿನಲ್ಲಿ ಕೋರ್ ಎಂಟೇ. ಆದರೆ ಅದರ ಮೇಲೊಂದು ಪದರ ಮೆಮೊರಿ ಕೂರಿಸಿ, ಕೋರ್‌ಗಳ ಪಕ್ಕದಲ್ಲೇ ಇರುವ ಕ್ಯಾಶನ್ನು 96 ಮೆಗಾಬೈಟಿಗೆ ಹಿಗ್ಗಿಸಿದ್ದರು. ಮಾಹಿತಿಗಾಗಿ ದೂರದ ರ್‍ಯಾಮ್‌ವರೆಗೆ ಹೋಗಿಬರುವುದು ಕಡಿಮೆಯಾಯಿತು, ಹದಿನಾರು ಕೋರಿನ ಚಿಪ್ಪುಗಳನ್ನು ಅದು ಎಷ್ಟೋ ಗೇಮ್‌ಗಳಲ್ಲಿ ಹಿಂದೆ ಹಾಕಿತು. ಮೊಬೈಲಿನ ‘ಆಕ್ಟಾ ಕೋರ್’ ಎಂಬ ಜಾಹೀರಾತಿಗೂ ಮರುಳಾಗಬೇಡಿ. ಸಾಮಾನ್ಯವಾಗಿ ಆ ಎಂಟರಲ್ಲಿ ಬಲವಾದವು ಕೆಲವು ಮಾತ್ರ, ಉಳಿದವು ಬ್ಯಾಟರಿ ಉಳಿಸಲೆಂದು ಇಟ್ಟ ಚಿಕ್ಕ ಕೋರ್‌ಗಳು.

ಗೇಮ್ ತಡವರಿಸುತ್ತಿದೆ ಎಂದು ಮಕ್ಕಳು ಹೊಸ ಪ್ರೊಸೆಸರ್ ಕೇಳಿದರೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೇಮ್‌ನ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮುಗಳು ಜಿಗಿದು ಏರಿದರೆ ಸೋತಿರುವುದು ಗ್ರಾಫಿಕ್ಸ್ ಕಾರ್ಡ್. ಏರದೆ ಅಲ್ಲೇ ಇದ್ದರೆ ಸಾಮಾನ್ಯವಾಗಿ ಅದು ಪ್ರೊಸೆಸರಿನ ಮಿತಿ. ಟಾಸ್ಕ್ ಮ್ಯಾನೇಜರಿನಲ್ಲಿ ‘ಸಿಪಿಯು 30%’ ಎಂದಿರುವುದನ್ನು ಕಂಡು ಪ್ರೊಸೆಸರ್ ಆರಾಮಾಗಿದೆ ಎಂದುಕೊಳ್ಳಬೇಡಿ. ಅದು ಎಲ್ಲ ಕೋರ್‌ಗಳ ಸರಾಸರಿ, ಗೇಮ್‌ನ ಒಂದರ ಹಿಂದೊಂದು ನಡೆಯುವ ಮುಖ್ಯ ಕೆಲಸ ಒಂದು ಕೋರಿನ ಶಕ್ತಿಯನ್ನೆಲ್ಲ ಹೀರಿ ಮುಗಿಸಿರಬಹುದು. ಆಗ ಕೊಳ್ಳಬೇಕಾದ್ದು ಹೆಚ್ಚು ಕೋರಿನ ಚಿಪ್ಪನ್ನಲ್ಲ, ಒಂದೊಂದು ಕೋರೂ ಚುರುಕಾಗಿರುವ, ಕ್ಯಾಶ್ ದೊಡ್ಡದಿರುವ ಚಿಪ್ಪನ್ನು. ಈಗಿನ ಗೇಮ್‌ಗಳಿಗೆ ಅಂಥ ಆರು ಅಥವಾ ಎಂಟು ಕೋರ್ ಸಾಕು. ಮಿಕ್ಕ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ.