ನಿಮಗಿದು ಗೊತ್ತೆ? ಮೀಟರ್ ನಿಂತರೂ ಗಾಡಿ ನಿಲ್ಲಲಿಲ್ಲ
ಅಮೆರಿಕದ ಲೂಸಿಯಾನಾದ ಒಂದು ಪಿಕಪ್ ಟ್ರಕ್ಕಿನ ಮೀಟರ್ 9,99,999 ಮೈಲಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಅದರಲ್ಲಿದ್ದದ್ದು ಆರೇ ಅಂಕಿ, ಮುಂದಕ್ಕೆ ಜಾಗವಿರಲಿಲ್ಲ!

ಅದು 2007ರ ಟೊಯೊಟಾ ಟಂಡ್ರಾ. ಸುಮಾರು ಒಂಬತ್ತು ವರ್ಷಗಳಲ್ಲಿ ಓಡಿದ್ದು ಹತ್ತು ಲಕ್ಷ ಮೈಲಿ, ಅಂದರೆ 16 ಲಕ್ಷ ಕಿಲೋಮೀಟರ್. ಸಮಭಾಜಕ ವೃತ್ತದ ಗುಂಟ ಭೂಮಿಯನ್ನು 40 ಸುತ್ತು ಹಾಕಿದಷ್ಟು. ದಿನದ ಲೆಕ್ಕಕ್ಕೆ ಇಳಿಸಿದರೆ ಸರಾಸರಿ 490 ಕಿ.ಮೀ. ಮಾಲೀಕರು ತೈಲಬಾವಿಗಳಿಗೆ ತುರ್ತು ಸರಕು ಸಾಗಿಸುವವರು. ಎಂಜಿನ್, ಗೇರ್‌ಬಾಕ್ಸ್, ಹೊರಗಿನ ಬಣ್ಣ, ಎಲ್ಲವೂ ಕಾರ್ಖಾನೆಯಿಂದ ಬಂದಾಗಿನವೇ.  

ಗುಟ್ಟೇನು? ಸರ್ವೀಸ್ ತಪ್ಪಿಸದಿದ್ದುದು. ಡೀಲರ್ ಬಳಿಯೇ 117 ಬಾರಿ ಸರ್ವೀಸ್ ಆಗಿತ್ತು. ಹೆದ್ದಾರಿಯ ಉದ್ದನೆಯ ಓಟವೂ ನೆರವಾಯಿತು. ತಣ್ಣಗಿರುವ ಎಂಜಿನ್ ಶುರುವಾಗುವಾಗ ಆಯಿಲ್ ಎಲ್ಲ ಕಡೆ ತಲುಪಿರುವುದಿಲ್ಲ, ಸವೆತ ಹೆಚ್ಚುವುದು ಆಗಲೇ. ಒಮ್ಮೆ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವ ಎಂಜಿನ್‌ಗೆ ಆ ಕಾಟ ಕಡಿಮೆ. ಹಾಗಾಗಿ ಹಳೆಯ ಗಾಡಿ ಕೊಳ್ಳುವಾಗ ಮೀಟರ್ ಅಂಕಿಗಿಂತ ಸರ್ವೀಸ್ ದಾಖಲೆಗೇ ಹೆಚ್ಚು ಬೆಲೆ ಕೊಡಬೇಕು.

2016ರಲ್ಲಿ ಟೊಯೊಟಾ ಕಂಪನಿಯು ಮಾಲೀಕರಿಗೆ ಹೊಸ ಟಂಡ್ರಾ ಕೊಟ್ಟು ಹಳೆಯದನ್ನು ಪಡೆಯಿತು. ಬಿಡಿಭಾಗಗಳು ಹೇಗೆ ಬಾಳಿಕೆ ಬಂದಿವೆ ಎಂದು ಎಂಜಿನಿಯರುಗಳು ಅದನ್ನು ಬಿಚ್ಚಿ ಪರೀಕ್ಷಿಸಿದರು.